ಕಿಟ್ಟುವಿನ ಕುತ್ತಿಗೆ

ಕುದ್ರೋಳಿ, ಮಂಗಳೂರು
18-8-2024

ಪ್ರೀತಿಯ ಶೈಲೇಶ್,

ಹೇಗಿದ್ದೀರಿ? ಹಡಗಿನ ಊಟ ಈಗಲಾದರೂ ಹೊಟ್ಟೆಗೆ ಹಿಡಿಸಿತಾ? ಬರೆಯುವುದು ತಡವಾಯಿತು, ಬೇಜಾರು ಮಾಡಬೇಡಿ. ಫೋನಿನಲ್ಲಾದರೆ ಅತ್ತೆ ಹತ್ತಿರವೇ ಇರ್ತಾರೆ, ನಿಮ್ಮ ನೆಟ್‌ವರ್ಕ್ ಬೇರೆ ಹೋಗಿಹೋಗಿ ಬರುತ್ತದೆ. ಆಸ್ಪತ್ರೆಯಿಂದ ಮಾತಾಡಿದಾಗಲೂ ನಿಮಗೆ ಅರ್ಧವೇ ಕೇಳಿದ್ದು; ಹೆದರುವುದು ಬೇಡ ಅಂತ ಎಲ್ಲ ಬರೆದು ದೀಪೇಶಣ್ಣನ ಕೈಯಲ್ಲಿ ಕಳಿಸ್ತಾ ಇದ್ದೇನೆ. ಅವರು ಶನಿವಾರ ನಿಮ್ಮ ಹಡಗಿಗೇ ಸೇರ್ತಾರಂತಲ್ಲ.

ನಮ್ಮ ಕಿಟ್ಟು ಆಸ್ಪತ್ರೆಯಿಂದ ಮನೆಗೆ ಬಂದ. ಕುತ್ತಿಗೆಗೆ ಪಟ್ಟಿ ಉಂಟು. ನಗ್ತಾನೆ, ಹಾಲು ಕುಡೀತಾನೆ. ಬಲಗೈ ಮಾತ್ರ ಎತ್ತುವುದಿಲ್ಲ.

ಅವನು ಹೊಟ್ಟೆಯಲ್ಲಿದ್ದಾಗ ನನಗೆ ಬಂದ ಸೊಂಟನೋವು ನೆನಪುಂಟಲ್ಲ? ಚಪ್ಪಲಿ ಹಾಕಲೂ ಬಗ್ಗಲು ಆಗ್ತಿರಲಿಲ್ಲ. ಹೆರಿಗೆ ಡಾಕ್ಟರನ್ನು ಕೇಳಿಯೇ ದೇರೆಬೈಲಿನಲ್ಲಿ ಎಲುಬು ಒತ್ತಿ ಸರಿಮಾಡುವ ಕೈರೊಪ್ರಾಕ್ಟರ್ ಎಲೇನ್ ಹತ್ತಿರ ಹೋದದ್ದು. ದಿಂಬುಗಳ ನಡುವೆ ಮಗ್ಗುಲಾಗಿ ಮಲಗಿಸಿ ಬೆನ್ನು, ಸೊಂಟದ ಎಲುಬನ್ನು ಮೆಲ್ಲ ಒತ್ತುತ್ತಿದ್ದರು. ಆಮೇಲೆಯೇ ನನಗೆ ಸರಿ ನಿದ್ದೆ ಬಂದದ್ದು. ಅಂದಿನಿಂದ ಅತ್ತೆಗೆ ಆ ಚಿಕಿತ್ಸೆ ಅಂದರೆ ದೇವರ ಪ್ರಸಾದ.

ಕಿಟ್ಟುವಿನ ತಲೆ ಒಂದೇ ಕಡೆ ವಾಲುತ್ತದೆ ಅಂತ ಗೊತ್ತಾದಾಗ ಅವನನ್ನೂ ಎಲೇನ್ ಹತ್ತಿರವೇ ಕರಕೊಂಡು ಹೋದೆ. ಅವರು ಮುಟ್ಟಲೇ ಇಲ್ಲ. “ಮಗುವಿನ ಕುತ್ತಿಗೆಗೆ ನಾನು ಕೈ ಹಾಕುವುದಿಲ್ಲ, ಮೊದಲು ಮಕ್ಕಳ ಡಾಕ್ಟರಿಗೆ ತೋರಿಸಿ” ಅಂದರು. ಮಕ್ಕಳ ಡಾಕ್ಟರ್ ಸ್ಕ್ಯಾನಿಂಗಿಗೆ ಬರೆದುಕೊಟ್ಟರು. ಆ ತಾರೀಕು ಬರುವ ಮೊದಲೇ, ನಾನು ಶಾಲೆಯಲ್ಲಿ ಪಾಠ ಮಾಡುವ ಹೊತ್ತಿಗೆ, ಅತ್ತೆ ಅವನನ್ನು ರಿಕ್ಷಾದಲ್ಲಿ ಅದೇ ಚಿಕಿತ್ಸೆ ಮಾಡುವ ಬೇರೆ ಯಾರದ್ದೋ ಕ್ಲಿನಿಕ್ಕಿಗೆ ಕರಕೊಂಡು ಹೋದರು. ಆ ಮನುಷ್ಯ ತಲೆ ಹಿಡಿದು ಒಮ್ಮೆಲೇ ತಿರುಗಿಸಿದನಂತೆ. ಮಗು ಕಿರುಚಿ, ಆಮೇಲೆ ಗಪ್‌ಚಿಪ್ ಆಯಿತಂತೆ. “ನೋವು ಹೋಯ್ತು, ಅದಕ್ಕೆ ಸುಮ್ಮನಾದ” ಅಂದನಂತೆ. ನಾನು ಬಂದು ಎತ್ತಿಕೊಂಡಾಗ ಬಲಗೈ ಒದ್ದೆ ಬಟ್ಟೆಯ ಹಾಗೆ ನೇತಾಡ್ತಾ ಇತ್ತು.

ಕುತ್ತಿಗೆಯ ಎರಡು ಎಲುಬು ಹುಟ್ಟುವಾಗಲೇ ಅಂಟಿಕೊಂಡಿವೆಯಂತೆ. “ಇಂಥ ಕುತ್ತಿಗೆಯನ್ನು ತಿರುಗಿಸಲೇಬಾರದಿತ್ತು, ಕೈಗೆ ಹೋಗುವ ನರಕ್ಕೆ ಪೆಟ್ಟಾಗಿದೆ” ಅಂದರು ಆಸ್ಪತ್ರೆಯ ಡಾಕ್ಟರ್. ಕೈಗೆ ಬಲ ಬರುತ್ತದಾ ಅಂತ ಕೇಳಿದೆ. “ಕಾಯಬೇಕಮ್ಮ” ಅಂದರು. ನಿನ್ನೆ ವ್ಯಾಯಾಮ ಮಾಡಿಸುವಾಗ ಕಿರುಬೆರಳು ಸ್ವಲ್ಪ ಅಲ್ಲಾಡಿತು. ನಾನು ಕಂಡದ್ದು ಹೌದೋ ಅಲ್ಲವೋ ಅಂತ ಈಗಲೂ ಸಂಶಯ.

ಅತ್ತೆಯ ಹತ್ತಿರ ಮಾತು ಬಿಟ್ಟಿದ್ದೇನೆ. ಅವರ ಮುಖ ನೋಡಿದರೆ ಮೈ ಉರಿಯುತ್ತದೆ. ನೀವಾದರೂ ನನ್ನ ಕಡೆ ಇದ್ದೀರಿ ಅಂತ ಒಂದು ಧೈರ್ಯ.

ಜಾಗ್ರತೆ ಮಾಡಿ. ಬೊಬ್ಬರ್ಯ ದೈವ ಕಡಲಿನಲ್ಲಿ ನಿಮ್ಮ ಬೆನ್ನಿಗಿರಲಿ. ಕಿಟ್ಟುವಿನ ಎಡಗೈಯಿಂದ ನಿಮಗೊಂದು ಟಾಟಾ.

ನಿಮ್ಮ
ವಿಜೇತಾ

ತಾ.ಕ.: ಇಷ್ಟು ಬರೆದು ಮಡಚಿಟ್ಟಿದ್ದೆ. ಈಗ ಅತ್ತೆ ಬಂದು ನನ್ನ ಕಾಲಬುಡದಲ್ಲಿ ಕೂತು ಹೇಳಿದರು. ಆ ಕ್ಲಿನಿಕ್ಕನ್ನು ಹುಡುಕಿ, ಫೋನು ಮಾಡಿ ಗೊತ್ತುಮಾಡಿದ್ದು ನೀವಂತೆ. “ವಿಜೇತಾಗೆ ಹೇಳಬೇಡ ಅಮ್ಮ, ಅವಳು ಬಿಡುವುದಿಲ್ಲ” ಅಂದದ್ದೂ ನೀವಂತೆ. ಮತ್ತೆ ಆಸ್ಪತ್ರೆಯಲ್ಲಿ ಫೋನಿನ ಸ್ಪೀಕರಿನಲ್ಲಿ ಅವರಿಗೆ ಅಷ್ಟು ಬೈದಿರಲ್ಲ? ನಾನೂ ಸೇರಿ ಬೈದೆ. ಅವರು ತಲೆ ತಗ್ಗಿಸಿ ಕೇಳಿಕೊಂಡರು. ಯಾಕೆ ಆಗಲೇ ಹೇಳಲಿಲ್ಲ ಅಂದರೆ, “ಎಂತ ಹೇಳುವುದು ಮಗಾ, ಕಡಲಿನಲ್ಲಿರುವವನು” ಅಂದರು.

ಇದನ್ನು ಓದಿ ನೀವು ಫೋನು ಮಾಡಿದರೆ ಅತ್ತೆಯೇ ಎತ್ತುತ್ತಾರೆ. ಮೊದಲು ಅವರ ಹತ್ತಿರ ಕ್ಷಮೆ ಕೇಳಿ. ನನ್ನದು ಆಮೇಲೆ ನೋಡುವ.