ಬೀಗರಿಗೆ ಕೊಟ್ಟ ಬಟ್ಟಲು

ಸುಸಾಕಿ, ತೋಸಾ ಸೀಮೆ
ಅಕ್ಟೋಬರ್ ೧೧

ಮಗಳು ಚಿಜುರುಗೆ ಅಪ್ಪನ ಆಶೀರ್ವಾದಗಳು.

ನಾನು ಚೆನ್ನಾಗಿದ್ದೇನೆ. ಮಂಡಿನೋವು ಇದೆ. ಆದರೆ ನಿನ್ನ ಮಾವನವರ ಅಂತ್ಯಕ್ರಿಯೆಗೆ ಬರಲಾಗದಷ್ಟು ಇರಲಿಲ್ಲ ಎನ್ನುವುದು ನನಗೂ ಗೊತ್ತು, ನಿನಗೂ ಗೊತ್ತು. ನೀನು ಕಳಿಸಿದ ಪೆಟ್ಟಿಗೆ ಬಂದು ಐದು ವಾರವಾಯಿತು. ಇಷ್ಟು ದಿನ ಕಾಯಿಸಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಅಂಗಡಿಯಲ್ಲಿ ಕೆಲಸ ಹೆಚ್ಚು ಎಂದು ಬರೆಯಲು ಹೊರಟಿದ್ದೆ. ಹನ್ನೆರಡು ಜನ ಕೂತು ಉಂಡು ಕುಡಿಯುವ ಅಂಗಡಿಯಲ್ಲಿ ಅದೆಂಥ ಕೆಲಸ ಎಂದು ನೀನು ನಗುತ್ತೀಯ. ನಿಜ ಹೇಳುತ್ತೇನೆ. ಪೆಟ್ಟಿಗೆಯಲ್ಲಿದ್ದ ಬಾಟಲಿಯನ್ನು ಕಪಾಟಿನ ಮೇಲಿಟ್ಟು ದಿನವೂ ಅದರ ಮುಂದೆಯೇ ಓಡಾಡಿದೆ, ತೆರೆಯಲು ಮನಸ್ಸು ಬರಲಿಲ್ಲ.

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಅಕ್ಕಿಮದ್ಯ ಎಂದರೆ ಈಗ ಎಲ್ಲರೂ ಸಿಹಿಯಿಲ್ಲದ ಖಡಕ್ ಸಾಕೆಯನ್ನೇ ಕೇಳುತ್ತಾರೆ, ಹಾಗಾಗಿ ನಿನ್ನ ಮಾವನವರು ಮಾಡುತ್ತಿದ್ದ ಈ ಮೆದು ಸಾಕೆಯನ್ನು ಮುಂದುವರಿಸುವುದೋ ಬಿಡುವುದೋ ಎಂದು ಅಳಿಯ ಕೋಹೆಯ್ ತಲೆ ಕೆಡಿಸಿಕೊಂಡಿದ್ದಾರೆ ಎಂದು ಬರೆದಿದ್ದೀಯ. ತಿಂಗಳ ಕೊನೆಗೆ ಹೊಸ ಸಾಕೆಗೆಂದು ಅಕ್ಕಿ ತೊಳೆಯುವ ಮೊದಲು ತೀರ್ಮಾನವಾಗಬೇಕು, ನಾನು ಬೇಡ ಎಂದರೆ ಈ ವರ್ಷವೇ ನಿಲ್ಲಿಸುತ್ತಾರಂತೆ. ಯಾವ ಊಟಕ್ಕೆ ಇದು ಹೊಂದುತ್ತದೆ ಎನ್ನುವುದನ್ನೂ ನಾನೇ ಹೇಳಬೇಕಂತೆ. ಒಬ್ಬ ಮನುಷ್ಯನ ಜೀವಮಾನದ ಕೈಕೆಲಸದ ತೀರ್ಪನ್ನು, ಅವನ ಮೇಲೆ ಆರು ವರ್ಷ ಮುನಿಸಿಕೊಂಡು ಕೂತವನ ಕೈಗೆ ಕೊಟ್ಟಿದ್ದೀರಿ. ಕೋಹೆಯ್‌ಗೆ ಆ ಮುನಿಸಿನ ಸಂಗತಿ ಗೊತ್ತಿಲ್ಲ. ನಿನಗೆ ಗೊತ್ತಿದೆ.

ಮೊನ್ನೆ ಮಧ್ಯಾಹ್ನ, ಅಂಗಡಿ ತೆರೆಯುವ ಮೊದಲು, ಬಾಟಲಿಯ ಮುಚ್ಚಳ ತೆಗೆದೆ. ಈಗ ನಮ್ಮಲ್ಲಿ ಬೊನಿಟೊ ಮೀನು ತೆಂಕಣಕ್ಕೆ ಮರಳುವ ಕಾಲ, ಕೊಬ್ಬು ತುಂಬಿಕೊಂಡಿರುತ್ತದೆ. ಒಂದು ತುಂಡನ್ನು ಹುಲ್ಲಿನ ಬೆಂಕಿಯಲ್ಲಿ ಸುಟ್ಟು, ಕಲ್ಲುಪ್ಪು ಉಜ್ಜಿ, ಹಸಿ ಬೆಳ್ಳುಳ್ಳಿ ಹೆಚ್ಚಿ ಹಾಕಿಕೊಂಡೆ. ತಣ್ಣಗಿನ ಸಾಕೆ ಒಂದು ಗುಟುಕು. ಬೆಳ್ಳುಳ್ಳಿಯ ಮುಂದೆ ಅದು ಎಲ್ಲಿ ಹೋಯಿತೋ ಗೊತ್ತೇ ಆಗಲಿಲ್ಲ. ಕೊನೆಗೆ ನಾಲಿಗೆಯ ಮೇಲೆ ಅಕ್ಕಿಗಂಜಿಯಂಥ ಸಿಹಿ ಮಾತ್ರ ಉಳಿಯಿತು. ನನಗೆ ಒಳಗೊಳಗೇ ಖುಷಿಯಾಯಿತು. ಕಾರ್ಡು ತೆಗೆದು "ನಿಲ್ಲಿಸುವುದೇ ಒಳ್ಳೆಯದು" ಎಂದು ಬರೆದೂ ಬಿಟ್ಟೆ.

ಅಷ್ಟರಲ್ಲಿ ಮೀನು ಮಾರುವ ಮಸಾನೊ ಬುಟ್ಟಿ ಹೊತ್ತು ಬಂದಳು. ಅವಳ ಕಣ್ಣು ಎಲ್ಲಿ ಬೀಳಬಾರದೋ ಅಲ್ಲೇ ಬೀಳುತ್ತದೆ. ಕಾರ್ಡು ಓದಿದಳು.

"ಏನಣ್ಣಾ, ಸತ್ತೋರ ಮೇಲೂ ಹಟಾನಾ?"

"ಹಟ ಅಲ್ಲ ಮಾರಾಯ್ತಿ, ರುಚಿ ನೋಡೇ ಬರ್ದಿದೀನಿ."

"ಏನ್ ನೋಡಿದ್ಯೋ ಕಾಣಲ್ವಾ? ಆ ಬೆಟ್ಟದೂರಿನ ಸಾಕೆ ಮೇಲೆ ನಮ್ಮೂರ ಬೆಳ್ಳುಳ್ಳಿನ ಛೂ ಬಿಟ್ಟು, ಸೋತೋಯ್ತು ಅಂತ ಬರೀತೀಯ. ನಾಚಿಕೆ ಆಗಲ್ವಾ? ಅಲ್ಲಿ ಮಗಳ ಮನೇಲಿ ಅದರ ಜೊತೆ ಏನ್ ತಿಂತಾರೆ, ಅದು ಹೇಳು ಮೊದ್ಲು."

ನಾನು ಕಾರ್ಡನ್ನು ಮಗುಚಿಟ್ಟು ಮೀನಿನ ಬುಟ್ಟಿ ಇಳಿಸಿಕೊಂಡೆ.

"ಮಗಳನ್ನ ಕೊಟ್ಟು ಆರು ವರ್ಷ ಆಯ್ತು. ಅವ್ರ ಮನೇಲಿ ಏನ್ ತಿಂತಾರೆ ಅಂತ ಗೊತ್ತಿಲ್ಲ ಇವ್ನಿಗೆ! ಕಾಯ್ಸು ಅದನ್ನ. ಮಗೂಗೆ ನೀರು ಹಾಕ್ತೀವಲ್ಲ, ಅಷ್ಟೇ ಬಿಸಿ. ಜಾಸ್ತಿ ಬೇಡ."

ನಿನಗೆ ನೀರು ಹಾಕಿದ್ದವಳೂ ಅವಳೇ ಆದ್ದರಿಂದ ಅವಳು ಹೇಳಿದ ಹಾಗೇ ಕಾಯಿಸಿದೆ. ಮೊದಲು ಮೀನಿನ ತಲೆಯ ಜೊತೆ ಬೇಯಿಸಿದ ಮೂಲಂಗಿ ಕೊಟ್ಟೆ. ಮಸಾನೊ ಹೂಂ ಎಂದಳು. ನಾನೂ ಹೂಂ ಎಂದೆ. ಆಮೇಲೆ, ಬೆಟ್ಟದವರು ಉಪ್ಪು ಹಾಕಿಟ್ಟದ್ದನ್ನೇ ತಿನ್ನುತ್ತಾರೆ ಎನ್ನುತ್ತಾ, ಅವಳೇ ಹೋಗಿ ಜಾಡಿಯಿಂದ ಬೊನಿಟೊ ಕರುಳಿನ ಉಪ್ಪಿನಕಾಯಿ ತಂದಳು. ನಿನಗೆ ಗೊತ್ತು, ಅದನ್ನು ನಾನು ಎರಡು ವರ್ಷ ಉಪ್ಪಿನಲ್ಲಿ ಇಡುತ್ತೇನೆ. ಅದರ ಮುಂದೆ ನಮ್ಮ ಖಡಕ್ ಸಾಕೆಗಳು ಬಾಯಿ ತೊಳೆದು ಹೋಗುತ್ತವೆ, ಅಷ್ಟೇ. ನಿಮ್ಮದು ಹೋಗಲಿಲ್ಲ. ಆ ಉಪ್ಪನ್ನೆಲ್ಲ ತನ್ನೊಳಗೆ ತೆಗೆದುಕೊಂಡು ನಿಧಾನವಾಗಿ ಸಿಹಿ ಮಾಡಿತು, ಉಪ್ಪಿನ ಹಿಂದೆ ಅಡಗಿದ್ದ ಸಮುದ್ರದ ರುಚಿಯನ್ನು ಹೊರಗೆ ತಂದಿತು. ನನ್ನದೇ ಜಾಡಿಯ ರುಚಿ ನನಗೆ ಮೊದಲ ಸಲ ಗೊತ್ತಾಯಿತು, ಮಗಳೇ. ನಲವತ್ತು ವರ್ಷ ಬೇರೆಯವರಿಗೆ ಬಗ್ಗಿಸಿಕೊಟ್ಟವನು ನಾನು!

ಮಸಾನೊ ಮಾತಾಡದೆ ಮೂರು ಬಟ್ಟಲು ಕುಡಿದಳು. ಅವಳು ಮಾತಾಡದೆ ಕುಡಿದದ್ದನ್ನು ನಾನು ಇದೇ ಮೊದಲು ನೋಡಿದ್ದು.

ಆದ್ದರಿಂದ ಅಳಿಯಂದಿರಿಗೆ ಹೇಳು, ನಿಲ್ಲಿಸಬೇಡಿ. ಸಿಹಿಯನ್ನು ಒಂದು ಚೂರೂ ಇಳಿಸಬೇಡಿ. ತಣ್ಣಗೆ ಕೊಡಬೇಡಿ, ಬಾಟಲಿಯ ಚೀಟಿಯ ಮೇಲೇ ಹಾಗೆಂದು ಅಚ್ಚು ಹಾಕಿಸಿ. ಉಪ್ಪು ಹಾಕಿ ಬಹಳ ಕಾಲ ಇಟ್ಟ ಪದಾರ್ಥ ಯಾವುದಿದ್ದರೂ ಇದಕ್ಕೆ ಜೋಡಿ. ನನ್ನ ಅಂಗಡಿಗೆ ಎರಡು ಡಜನ್ ಕಳಿಸಿ. ಗಿರಾಕಿಗಳು ಮೂಗು ಮುರಿದರೆ ನಾನು ನೋಡಿಕೊಳ್ಳುತ್ತೇನೆ.

ಇನ್ನು ನಿನ್ನ ಮದುವೆಯ ದಿನದ ಮಾತು. ಇದು ನನ್ನ ತಂದೆಯ ಬಟ್ಟಲು ಎಂದು ಹೇಳಿ, ತುಂಬಿಸಿ, ಎರಡೂ ಕೈಯಲ್ಲಿ ಬೀಗರಿಗೆ ಕೊಟ್ಟೆ. ಕುಡಿದವರು ಅದೇ ಬಟ್ಟಲು ತುಂಬಿಸಿ ವಾಪಸ್ ಕೊಡಬೇಕೆನ್ನುವುದು ತೋಸಾದಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಅವರು ಕುಡಿದರು, ಅಂಚು ಒರೆಸಿದರು, ಕರವಸ್ತ್ರದಲ್ಲಿ ಸುತ್ತಿ ಎದೆಯೊಳಗೆ ಇಟ್ಟುಕೊಂಡರು. ನನ್ನ ಕೈ ಚಾಚಿದ ಹಾಗೇ ಇತ್ತು. ಇಡೀ ಚಪ್ಪರ ನೋಡುತ್ತಿತ್ತು. ನನ್ನ ಜೊತೆ ಬಟ್ಟಲು ಹಂಚಿಕೊಳ್ಳಲು ಅವರಿಗೆ ಇಷ್ಟವಿಲ್ಲ ಎಂದುಕೊಂಡೆ. "ಅಪ್ಪಾ, ಅವ್ರಿಗೆ ನಮ್ಮ ಪದ್ಧತಿ ಗೊತ್ತಿಲ್ಲ, ನಾನು ಹೇಳ್ತೀನಿ" ಎಂದು ನೀನು ಅಂಗಲಾಚಿದೆ. "ಬಾಯಿ ಬಿಟ್ರೆ ನನ್ನಾಣೆ, ತಾವಾಗೇ ತಿಳ್ಕೊಳ್ಳಲಿ" ಎಂದೆ. ನೀನು ಆಣೆ ಉಳಿಸಿಕೊಂಡೆ. ಈಗ ಆ ಸಾಕೆ ಕುಡಿದ ಮೇಲೆ, ಅದನ್ನು ಮಾಡಿದವರು ಯಾರನ್ನೂ ಕೀಳಾಗಿ ಕಂಡಿರಲಾರರು ಎನ್ನಿಸುತ್ತಿದೆ. ಹೋಗಲಿ, ಬಟ್ಟಲನ್ನು ಎಲ್ಲೋ ಎಸೆದಿರಬೇಕು, ಅದರ ಚಿಂತೆ ಬಿಟ್ಟಿದ್ದೇನೆ.

ನಿಮ್ಮ ಅಕ್ಕಿ ಚೆನ್ನಾಗಿ ಅರಳಲಿ, ನಿಮ್ಮ ಬಾವಿಯ ನೀರು ಬತ್ತದಿರಲಿ. ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸು. ನೂರು ಕಾಲ ಬಾಳು.

ನಿನ್ನ ತಂದೆ
ಕುಸುನೊಸೆ ತತ್ಸೊ

ತಾ.ಕ.: ಲಕೋಟೆ ಅಂಟಿಸುವ ಮೊದಲು, ಅದೇ ಪೆಟ್ಟಿಗೆಯಲ್ಲಿ ಒಣಮೀನು ಕಳಿಸೋಣವೆಂದು ಒಳಗಿನ ಹುಲ್ಲು ತೆಗೆದೆ. ತಳದಲ್ಲಿ ಮರದ ಪುಟ್ಟ ಕರಡಿಗೆ ಸಿಕ್ಕಿತು. ನೀನು ಪತ್ರದಲ್ಲಿ ಅದರ ಸುದ್ದಿಯನ್ನೇ ಎತ್ತಿಲ್ಲ. ಆಣೆ ಇನ್ನೂ ಉಳಿಸಿಕೊಂಡಿದ್ದೀಯ. ಒಳಗೆ ನನ್ನ ಅಪ್ಪನ ಬಟ್ಟಲು, ಅಂಚಿನಲ್ಲಿ ಅದೇ ಹಳೆಯ ಸೀಳು. ಮುಚ್ಚಳದ ಒಳಮೈಯಲ್ಲಿ ಬೀಗರು ಕುಂಚದಿಂದ ಬರೆದಿದ್ದಾರೆ: "ತೋಸಾದ ಬೀಗರು ತಮ್ಮ ತಂದೆಯ ಬಟ್ಟಲನ್ನೇ ನನಗೆ ಕೊಟ್ಟುಬಿಟ್ಟರು. ವರ್ಷದ ಮೊದಲ ಸಾಕೆ ಕುಡಿಯಲು ಮಾತ್ರ." ಕೆಳಗೆ ಆರು ವರ್ಷದ ಆರು ತಾರೀಕು. ಕೊನೆಯದರಲ್ಲಿ ಕೈ ನಡುಗಿದೆ. ಅದರ ಪಕ್ಕದಲ್ಲಿ ಇಷ್ಟೇ: "ಅವರು ಈ ವರ್ಷವೂ ಬರಲಿಲ್ಲ."

ಬಟ್ಟಲು ವಾಪಸ್ ಬಂತು, ಚಿಜುರು. ತುಂಬಿಸಿ ಯಾರ ಕೈಗೆ ಕೊಡಲಿ?

ಅಕ್ಕಿ ತೊಳೆಯುವ ದಿನ ನಾನು ಅಲ್ಲಿರುತ್ತೇನೆ. ಮೊದಲು ಬೀಗರ ಸಮಾಧಿಗೆ ಕರೆದುಕೊಂಡು ಹೋಗು. ಆಮೇಲೆ ಬಟ್ಟಲನ್ನು ತುಂಬಿಸಿ ಕೋಹೆಯ್ ಕೈಗೆ ಕೊಡುತ್ತೇನೆ. ಕುಡಿದ ಮೇಲೆ ಅದನ್ನು ನನಗೆ ವಾಪಸ್ ಕೊಡಬಾರದು ಎಂದು ನೀನು ಅವನಿಗೆ ಮೊದಲೇ ಹೇಳಿಡು.