ಆ ಮಗುವಿಗೆ ಮೊದಲೇ ಏನೋ ಇತ್ತಂತೆ

ಮಂಗಳವಾರ, ಅಕ್ಟೋಬರ್ ೬

ಹಡಗಿನ ಎಂಜಿನ್ ಕೋಣೆಯ ಸಾರ್ವಭೌಮರೂ ಗ್ರೀಸ್ ಮೆತ್ತಿದ ಅಂಗಿಯ ಏಕೈಕ ವಾರಸುದಾರರೂ ಆದ ಅಣ್ಣನವರ ಸನ್ನಿಧಾನಕ್ಕೆ,

ನಿನ್ನ ತಂಗಿಯ ಉದ್ದುದ್ದ ನಮಸ್ಕಾರಗಳು. ನಾವು ಮೂವರೂ ಕ್ಷೇಮ. ಈ ‘ಮೂವರೂ’ ಅನ್ನುವುದನ್ನು ಬರೆಯಲು ನನಗೆ ಇಪ್ಪತ್ತು ದಿನ ಹಿಡಿಯಿತು. ತಡವಾಗಿದ್ದಕ್ಕೆ ಬೇರೆ ನೆಪವಿಲ್ಲ, ಕ್ಷಮಿಸು. ನಮ್ಮ ತಮ್ಮ ಹೋದ ಸುದ್ದಿಯನ್ನು ಕ್ಯಾಪ್ಟನ್ನರು ನಿನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದರಂತೆ. ಯಾವ ಬಂದರಿನಲ್ಲೂ ಇಳಿಯಗೊಡದೆ ಇರುವಾಗ ನೀನಾದರೂ ಹೇಗೆ ಬರುತ್ತಿದ್ದೆ? ಅಮ್ಮ ಅರ್ಥ ಮಾಡಿಕೊಂಡಿದ್ದಾಳೆ. ಇಲ್ಲಿ ಆಮೇಲೆ ಏನಾಯಿತೆಂಬ ವರದಿ ಮಾತ್ರ ನನ್ನ ಪಾಲಿಗೆ ಬಂದಿದೆ.

ಪತ್ರಿಕೆಯಲ್ಲಿ ಅವನ ಹೆಸರಿರಲಿಲ್ಲ. ಒಳಪುಟದ ಮೂಲೆಯಲ್ಲಿ ಎರಡೇ ವಾಕ್ಯ: ‘ಸೋಂಕಿಗೆ ಏಳು ವರ್ಷದ ಬಾಲಕ ಬಲಿ. ಮಗುವಿಗೆ ಮೊದಲೇ ಬೇರೆ ಕಾಯಿಲೆ ಇತ್ತೆಂದು ಮೂಲಗಳು ತಿಳಿಸಿವೆ.’ ಈ ಮೂಲಗಳು ಯಾರೋ ಏನೋ, ನಮ್ಮ ಮನೆ ಬಾಗಿಲಿಗಂತೂ ಬಂದವರಲ್ಲ.

ಅದೇ ಸುದ್ದಿಗೆ ಫೋನಿನಲ್ಲಿ ಮುನ್ನೂರು ಜನ ತೀರ್ಪು ಬರೆದಿದ್ದರು. ಒಬ್ಬರು ಅಪ್ಪ ಅಮ್ಮನನ್ನು ನೇರ ಜೈಲಿಗೆ ಕಳಿಸಿದರು. ಇನ್ನೊಬ್ಬರು ಅಳುವ ಮುಖದ ಚಿತ್ರ ಹಾಕಿ, ಅದರ ಕೆಳಗೇ ತಮ್ಮ ಹಳೇ ಸೋಫಾ ಮಾರಾಟಕ್ಕಿದೆ ಎಂದರು. ಮತ್ತೊಬ್ಬರು, ‘ಎಲ್ಲಾ ಬೊಗಳೆ, ಅಂಥ ಮಗುವೇ ಇಲ್ಲ’ ಎಂದು ಘೋಷಿಸಿದರು. ಅವರಿಗೆ ನಾನು ‘ನಿವೃತ್ತ ಮಹಾನ್ಯಾಯಾಧೀಶ’ ಎಂಬ ಹೆಸರಿನಿಂದ ಉತ್ತರ ಕೊಟ್ಟೆ: ‘ಮಾನ್ಯರೇ, ತಾವು ಹೇಳಿದಂತೆ ಆ ಮಗು ಇಲ್ಲದಿದ್ದಲ್ಲಿ, ನನ್ನ ರೇಖಾಗಣಿತದ ಪುಸ್ತಕದ ಪ್ರತಿಯೊಂದು ತ್ರಿಕೋನಕ್ಕೂ ಮೀಸೆ ಬರೆದವರು ಯಾರೆಂದು ಕೂಡಲೇ ತನಿಖೆ ಮಾಡಿಸಿಕೊಡಬೇಕಾಗಿ ಕೋರಿಕೆ.’ ಅವರು ನನ್ನನ್ನು ಬ್ಲಾಕ್ ಮಾಡಿದರು. ನ್ಯಾಯಾಂಗಕ್ಕೆ ಕಾಲವಿಲ್ಲ ಅಣ್ಣಾ.

ಮುಖ್ಯ ಸುದ್ದಿ ಈಗ. ನಿನ್ನೆ ಅಪ್ಪ ಅಮ್ಮ ಮತ್ತೆ ಡ್ಯೂಟಿಗೆ ಹೋದರು. ಅದೇ ಬಸ್ಸು, ಸ್ಟೇರಿಂಗ್ ಅಪ್ಪನದು, ಟಿಕೆಟ್ ಅಮ್ಮನದು. ಶಾಲೆ ಇನ್ನೂ ಮುಚ್ಚಿದೆ, ನನ್ನೊಬ್ಬಳನ್ನೇ ಮನೆಯಲ್ಲಿ ಬಿಡಲು ಈಗ ಅವರಿಗೆ ಮನಸ್ಸಿಲ್ಲ. ಹಾಗಾಗಿ ನಾನು ಡ್ರೈವರ್ ಹಿಂದಿನ ಸೀಟಿನಲ್ಲಿ ವಿರಾಜಮಾನಳಾಗಿದ್ದೆ.

ಟೋಪಿ ಹಾಕಿದ ಒಬ್ಬ ಹಿರಿಯರು ಪೇಪರ್ ಓದುತ್ತಾ, “ಶಾಲೆ ತೆಗೀತಾರಂತೆ. ತೆಗೀಲಿ ಬಿಡಿ, ಮಕ್ಕಳಿಗೇನೂ ಆಗಲ್ಲ” ಎಂದರು.

ಪಕ್ಕದ ಸಾಲಿನ ಹೆಂಗಸು, “ಹೋದ ತಿಂಗಳು ಒಂದು ಮಗು ಹೋಯ್ತಲ್ಲ ಸಾರ್?” ಅಂದಳು.

“ಅದಕ್ಕೆ ಮೊದಲೇ ಏನೋ ಇತ್ತಂತಮ್ಮ. ಹೇಗಿದ್ರೂ ಉಳೀತಿರಲಿಲ್ಲ.”

ಅವರ ಟೋಪಿಯೊಳಕ್ಕೆ ಇಡೀ ಬಾಟಲಿ ಸ್ಯಾನಿಟೈಸರ್ ಸುರಿಯುವ ನೀಲನಕ್ಷೆ ನನ್ನ ತಲೆಯಲ್ಲಿ ಸಿದ್ಧವಾಗುತ್ತಿತ್ತು. ಅಷ್ಟರಲ್ಲಿ ಅಮ್ಮ ಟಿಕೆಟ್ ಮೆಷಿನ್ ಹಿಡಿದುಕೊಂಡೇ ಅವರ ಮುಂದೆ ಬಂದು ನಿಂತಳು.

“ಉಬ್ಬಸ ಇತ್ತು ಸಾರ್ ಅವನಿಗೆ. ನಾನು ಅವನ ತಾಯಿ,” ಅಂದಳು. ದನಿ ಏರಿಸಲಿಲ್ಲ, ಅಳಲೂ ಇಲ್ಲ. “ಉಬ್ಬಸ ಇಟ್ಕೊಂಡೇ ಏಳು ವರ್ಷ ಕುಣಿದ. ಇದೇ ಕಂಬಕ್ಕೆ ನೇತಾಡಿ, ಟಿಕೆಟ್ ತೋರಿಸಿ, ಟಿಕೆಟ್ ತೋರಿಸಿ ಅಂತ ಎಲ್ಲರ ಜೀವ ತಿಂದ. ಏನು ಬೇಕಾದ್ರೂ ಅನ್ನಿ, ಉಳೀತಿರಲಿಲ್ಲ ಅಂತ ಮಾತ್ರ ಅನ್ನಬೇಡಿ. ಉಳೀತಿದ್ದ. ಮುದುಕ ಆಗೋವರೆಗೂ ಉಳೀತಿದ್ದ.”

ಸಿಗ್ನಲ್ಲಿನಲ್ಲಿ ಹಸಿರು ದೀಪ ಬಿತ್ತು. ಬಸ್ಸು ಅಲ್ಲಾಡಲಿಲ್ಲ. ಹಿಂದಿನ ಗಾಡಿಗಳೆಲ್ಲ ಹಾರ್ನ್ ಬಾರಿಸಿದವು. ಹತ್ತೊಂಬತ್ತು ವರ್ಷದ ಡ್ಯೂಟಿಯಲ್ಲಿ ಒಂದು ನಿಮಿಷವೂ ತಡ ಮಾಡದ ನಮ್ಮಪ್ಪ, ಕನ್ನಡಿಯಲ್ಲಿ ಅಮ್ಮನನ್ನೇ ನೋಡುತ್ತಾ ಆ ಹಸಿರನ್ನು ಪೂರ್ತಿ ಬಿಟ್ಟುಕೊಟ್ಟರು.

ಆಗ ಹಿಂದಿನ ಸೀಟಿನಿಂದ ಯಾರೋ, “ಅಯ್ಯೋ, ನಿಮ್ಮ ಪುಟ್ಟ ಟಿಕೆಟ್ ಇನ್‌ಸ್ಪೆಕ್ಟರಾ? ನನ್ನ ಪಾಸ್ ಮುಗಿದಿದೆ ಅಂತ ನಡುರಸ್ತೆಯಲ್ಲಿ ಇಳಿಸೋಕೆ ಹೊರಟಿದ್ನಲ್ಲ!” ಎಂದರು. ಅಮ್ಮ, “ಹೂಂ, ಅವನೇ,” ಎಂದು ನಕ್ಕುಬಿಟ್ಟಳು. ಇಪ್ಪತ್ತು ದಿನದಲ್ಲಿ ಮೊದಲ ಸಲ. ಆಮೇಲೆ ಗಂಟೆ ಎಳೆದು, “ರೈಟ್” ಅಂದಳು.

ಆ ಹಿರಿಯರು ಇಳಿಯುವಾಗ ಟೋಪಿ ತೆಗೆದರು. “ನನ್ನ ಮೊಮ್ಮಗಳಿಗೂ ಉಬ್ಬಸ ತಾಯಿ. ಆ ಮಗುಗೆ ಇನ್ನೇನೋ ದೊಡ್ಡದಿತ್ತು ಅಂದ್ಕೊಂಡು ಧೈರ್ಯ ತಂದ್ಕೊಂಡಿದ್ದೆ,” ಎಂದರು. ಅಮ್ಮ ಅವರ ತೋಳು ಹಿಡಿದು ಮೆಟ್ಟಿಲು ಇಳಿಸಿ, ಮಗುವಿನ ಉಬ್ಬಸದ ಪಂಪು ಸದಾ ಕೈಗೆಟುಕುವ ಹಾಗಿಡಬೇಕೆಂದು ಹೇಳಿದಳು.

ಅಣ್ಣಾ, ಬಸ್ಸಿನ ಮೇಲೆ ಹತ್ತಿ ನಿಂತು “ಈ ಕಂಡಕ್ಟರ್ ನಮ್ಮಮ್ಮ” ಎಂದು ಕೂಗಬೇಕೆನ್ನಿಸಿತು. ನೀನೂ ಎಂಜಿನ್ನಿನ ಸದ್ದು ಮೀರುವಂತೆ ಒಮ್ಮೆ ಕೂಗು. ನಿನ್ನ ಪಾಲಿನದು ಬಾಕಿಯಿದೆ.

ವಯಸ್ಸಿನಲ್ಲಿ ಕಿರಿಯಳಾದರೂ ಹುದ್ದೆಯಲ್ಲಿ ಹಿರಿಯಳಾದ ನಾನು ಈ ಮೂಲಕ ನಿನ್ನನ್ನು ಆಶೀರ್ವದಿಸುತ್ತೇನೆ: ಹೊಟ್ಟೆ ತುಂಬ ತಿನ್ನು, ಮಾಸ್ಕ್ ಹಾಕಿಕೋ, ಒಬ್ಬನೇ ಕೂತು ಅಳಬೇಡ.

ಇಂತು,
ನಿನ್ನ ತಲೆಹರಟೆ ತಂಗಿ
(ನಿವೃತ್ತ ಮಹಾನ್ಯಾಯಾಧೀಶೆ)

ಮರೆತ ಮಾತು: ಮರೆತಿರಲಿಲ್ಲ, ಅಮ್ಮನಿಗೆ ಹೇಳಲಾಗದೆ ನಿನಗೆ ಬರೆಯುತ್ತಿದ್ದೇನೆ. ಏಪ್ರಿಲ್‌ನಲ್ಲಿ ಇನ್ನೆಲ್ಲೋ ಒಂದು ಮಗು ಹೋಯಿತೆಂದು ಟಿವಿಯಲ್ಲಿ ಬಂದಾಗ ಇವನು ಹೆದರಿ ನನಗೆ ಅಂಟಿಕೊಂಡು ಕೂತ. ನಾನು, “ಹೆದರಬೇಡ್ವೋ, ಆ ಮಗುಗೆ ಮೊದಲೇ ಏನೋ ಇತ್ತಂತೆ” ಅಂದೆ. ಅವನು, “ಅಕ್ಕಾ, ನನಗೂ ಇದೆಯಲ್ಲ?” ಅಂದ. ನಾನು ನಕ್ಕು ಚಾನೆಲ್ ಬದಲಿಸಿದೆ.