ನೆತ್ತಿ ಮೇಲಿನ ಅಂಗೈ

ಅಣ್ಣಾ, ನೀನು ತೀರಿಕೊಂಡ ಮೇಲೂ ನಿನ್ನ ನಂಬರ್ ಅಳಿಸಿಲ್ಲ. ಇದನ್ನ ಅಲ್ಲಿಗೆ ಕಳಿಸೋದೂ ಇಲ್ಲ, ಸುಮ್ಮನೆ ಫೋನಿಗೆ ಹೇಳ್ಕೊಳ್ತಿದೀನಿ.

ನಮ್ಮನೇಲಿ ಮನಸ್ಸಿಗೆ ಬೇಜಾರು ಅಂದ್ರೆ ಯಾರೂ ತಿರುಗಿ ನೋಡ್ತಿರಲಿಲ್ಲ. ನೀನು 'ನೆತ್ತಿ ಉರೀತಿದೆ' ಅಂದ್ರೆ ಸಾಕು, ಅಮ್ಮ ಒಲೆ ಆರಿಸಿ ಬಂದು ಒದ್ದೆ ಬಟ್ಟೆ ಇಟ್ಟು, ಅದರ ಮೇಲೆ ಅಂಗೈ ಒತ್ತಿಕೊಂಡು ಕೂತಿರೋಳು. ನಾನೂ ಒಂದ್ಸಲ ಉರಿ ಅಂದಿದ್ದಕ್ಕೆ, 'ಗುಂಡುಕಲ್ಲಿನ ಹಾಗಿದೀಯ, ನಿಂಗೇನೋ ಉರಿ' ಅಂತ ನಕ್ಕಿದ್ಳು. ಆ ಅಂಗೈ ನಿಂಗೆ ಸಿಕ್ತಲ್ಲ ಅಂತ ನಂಗೆ ಇವತ್ತಿಗೂ ಹೊಟ್ಟೆಕಿಚ್ಚು ಕಣಣ್ಣ.

ನೀನು ಹೋದ ಮೇಲೆ ನಂಗೂ ಬಂತು. ಅಂಗಡೀಲಿ ಬಟ್ಟೆ ಕತ್ತರಿಸ್ತಾ ನಿಂತ್ರೆ ನೆತ್ತಿ ಕೆಂಡ. ಡಾಕ್ಟ್ರು, 'ಇದು ದುಃಖ, ಅಣ್ಣನ ಬಗ್ಗೆ ಮಾತಾಡಿ' ಅಂದ್ರು. 'ದುಃಖ ಏನಿಲ್ಲ ಡಾಕ್ಟ್ರೇ, ಉರಿ ಅಷ್ಟೇ' ಅಂದು ಮಾತ್ರೆ ಇಸ್ಕೊಂಡು ಬಂದೆ. ಇಳೀಲಿಲ್ಲ.

ಇವತ್ತು ಮಧ್ಯಾಹ್ನ ತಡೀಲಾರದೆ ಅಮ್ಮಂಗೆ ಹೇಳ್ದೆ. ಅವಳಿಗೀಗ ಕಣ್ಣೂ ಅಷ್ಟಕ್ಕಷ್ಟೆ, ನೆನಪೂ ಅಷ್ಟಕ್ಕಷ್ಟೆ. ಗೋಡೆ ತಡವ್ತಾ ಹೋಗಿ ಬಟ್ಟೆ ನೆನೆಸಿ ತಂದು, ನೆತ್ತಿ ಮೇಲಿಟ್ಟು ಅಂಗೈ ಒತ್ತಿದ್ಳು. ನೀರು ಕಿವಿ ಹಿಂದೆ ಇಳೀತು. ಉರಿ ಪೂರ್ತಿ ತಣ್ಣಗಾಯ್ತು.

'ದೊಡ್ಡೋನೇ, ಈಗ ಹೇಗಿದೆಯೋ?' ಅಂದ್ಳು.

ನಾನು ಚಿಕ್ಕೋನಮ್ಮ ಅನ್ನೋಕೆ ಬಾಯಿ ತೆಗೆದೆ. ಕೈ ಎತ್ತಿಬಿಟ್ರೆ ಅಂತ ಭಯವಾಯ್ತು. ನಿನ್ನ ದನೀಲೇ, 'ಇನ್ನೂ ಸ್ವಲ್ಪ ಉರೀತಿದೆಯಮ್ಮಾ' ಅಂದೆ.